ಗುಡ್ಡದ ಹಿಂದಿನ ಮನೆಗೆ ಫೋನ್ ಬೇಕಂದ್ರೆ ಯಾವ ದಾರಿ ಹಿಡೀಬೇಕು?

ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸುಳ್ಯ ಈ ಕಡೆ ತೋಟದ ಮಧ್ಯೆ ಒಂಟಿ ಮನೆ ಇರೋರು ಎಲ್ಲರೂ ಮೊದಲು ಕೇಳೋದು "ಯಾವ ಸಿಮ್ ತಗೊಂಡ್ರೆ ನೆಟ್‌ವರ್ಕ್ ಸಿಗುತ್ತೆ" ಅಂತ. ಆ ಪ್ರಶ್ನೆ ಸ್ವಲ್ಪ ಪಕ್ಕಕ್ಕಿಡಿ. ಜುಲೈ ತಿಂಗಳು, ಮರ ಬಿದ್ದು ಮೂರು ದಿನದಿಂದ ಕರೆಂಟ್ ಇಲ್ಲ, ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು ಶುರುವಾಯ್ತು, ಆಗ ಯಾವ ಫೋನಿಂದ ಕಾಲ್ ಹೋಗುತ್ತೆ? ಇದಕ್ಕೆ ಉತ್ತರ ಸಿಗೋ ಥರ ಆಯ್ಕೆ ಮಾಡಿದ್ರೆ ಉಳಿದಿದ್ದು, ಅಂದ್ರೆ ಮಕ್ಕಳ ಕ್ಲಾಸು, ಯೂಟ್ಯೂಬು, ಅಡಿಕೆ ರೇಟು, ಎಲ್ಲ ಅದರ ಹಿಂದೆ ಬರುತ್ತೆ. ಸ್ಪೀಡ್ ನೋಡಿ ಆಯ್ಕೆ ಮಾಡಿದ್ರೆ ಮಾತ್ರ ಬೇಸಿಗೇಲಿ ಖುಷಿ, ಮಳೆಗಾಲದಲ್ಲಿ ಕಷ್ಟ.

ಇದು ಇವತ್ತಿನ ಸಮಸ್ಯೆ ಅಲ್ಲ. ಸಿ-ಡಾಟ್ ಅನ್ನೋ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆಯವರ 128 ಲೈನಿನ ಹಳ್ಳಿ ಎಕ್ಸ್‌ಚೇಂಜು 1986ರ ಜುಲೈನಲ್ಲಿ ಮೊಟ್ಟಮೊದಲು ಬಂದಿದ್ದು ನಮ್ಮ ಕಿತ್ತೂರಿಗೇ, ಎಸಿ ಇಲ್ಲದೆ ಧೂಳು ಸೆಕೆ ತಡ್ಕೊಂಡು ಕೆಲಸ ಮಾಡೋ ಎಕ್ಸ್‌ಚೇಂಜು ಅದು, ದೊಡ್ಡ ಊರುಗಳಿಗೆ ನಿಜಕ್ಕೂ ಉಪಕಾರ ಆಯ್ತು. ಆದ್ರೆ ಎಕ್ಸ್‌ಚೇಂಜಿಂದ ಆರೇಳು ಕಿಲೋಮೀಟರ್ ದೂರದ ಮನೆಗೆ ತಂತಿ ಎಳೆಯೋದು, ಪ್ರತಿ ಮಳೆಗಾಲಕ್ಕೂ ಅದನ್ನ ಮತ್ತೆ ಮತ್ತೆ ಕಟ್ಟೋದು ಯಾರ ಕೈಲೂ ಆಗೋ ಕೆಲಸ ಆಗಿರಲಿಲ್ಲ. ಅದಕ್ಕೇ ರೇಡಿಯೋ, ಅಂದ್ರೆ ತಂತಿ ಇಲ್ದೆ ಅಲೆ ಮೂಲಕ ಮಾತು ಕಳಿಸೋದು. ಮಾರ್ ಅಂತ ಒಂದು ವ್ಯವಸ್ಥೆ ಬಂತು, ಒಂದು ಕಡೆ ಬೇಸ್ ಸ್ಟೇಷನ್ನು, ಸುತ್ತಲಿನ ಹಳ್ಳಿಗಳ ಪಬ್ಲಿಕ್ ಫೋನುಗಳು ಬೆರಳೆಣಿಕೆಯಷ್ಟು ರೇಡಿಯೋ ಚಾನೆಲ್ ಹಂಚ್ಕೊಂಡು ಮಾತಾಡೋದು. ದೇಶದಲ್ಲಿ ಲಕ್ಷಕ್ಕೂ ಮೇಲೆ ಹಳ್ಳಿ ಫೋನು ಇದರ ಮೇಲೆ ನಿಂತಿತ್ತು, ಕೊನೆಗೆ ಬಹುಪಾಲು ಸತ್ತು ಬಿದ್ದು ಸರ್ಕಾರ ಅವನ್ನೆಲ್ಲ ಬದಲಾಯಿಸೋ ಯೋಜನೆನೇ ಹಾಕ್ಬೇಕಾಯ್ತು. ಹಾಳಾಗೋಕೆ ದೊಡ್ಡ ಕಾರಣಗಳಲ್ಲೊಂದು ಹಳ್ಳಿ ಕಡೆ ಇದ್ದ ಬ್ಯಾಟರಿ, ಬ್ಯಾಟರಿ ಹೋದ್ರೆ ನೋಡೋಕೆ ಬರೋ ಜನ ಇರಲಿಲ್ಲ.

ಆಮೇಲೆ ಐಐಟಿ ಮದ್ರಾಸಿನ ಅಶೋಕ್ ಝುಂಝುನ್‌ವಾಲಾ ಅವರ ತಂಡ ಕಾರ್‌ಡೆಕ್ಟ್ ಅಂತ ಮಾಡ್ತು, ಮನೆ ಮಾಡಿನ ಮೇಲೆ ಚಿಕ್ಕ ಆಂಟೆನಾ, 10 ಕಿಲೋಮೀಟರ್ ತನಕ ಫೋನು ಮತ್ತೆ ನಿಧಾನದ ಇಂಟರ್ನೆಟ್ಟು ಎರಡೂ, ಆದ್ರೆ ಆಂಟೆನಾಗೆ ಟವರ್ ನೇರ ಕಾಣಬೇಕು. ಬಯಲುಸೀಮೆಗೆ ಬಹಳ ಚೆನ್ನಾಗಿರೋ ಯೋಚನೆ, ಗುಡ್ಡದ ಸೀಮೆಗೆ ಕಷ್ಟ. ಅದಾದ್ಮೇಲೆ ಬಿಎಸ್‌ಎನ್‌ಎಲ್ ಡಬ್ಲ್ಯುಎಲ್‌ಎಲ್ ಫೋನು, ಲ್ಯಾಂಡ್‌ಲೈನ್ ಥರಾನೇ ಇದ್ದು ಹಿಂದುಗಡೆ ಆಂಟೆನಾ ಇದ್ದದ್ದು, ನಮ್ಮ ಕಡೆ ಎಷ್ಟೋ ಮನೇಲಿ ಇವತ್ತಿಗೂ ಅಟ್ಟದ ಮೇಲೆ ಬಿದ್ದಿರುತ್ತೆ. ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ ಆಗ ಏನೇನು ಕೈಕೊಡ್ತೋ ಈಗ್ಲೂ ಅವೇ ಕೈಕೊಡೋದು: ಆಂಟೆನಾಗೂ ಟವರಿಗೂ ನಡುವೆ ಏನಿದೆ, ಕರೆಂಟ್ ಎಲ್ಲಿಂದ ಬರುತ್ತೆ, ಕೆಟ್ಟರೆ ಯಾರು ಬರ್ತಾರೆ.

ಮೊದಲ ಕೆಲಸ ಅಳತೆ. ಫೋನಲ್ಲಿ ಕಾಣೋ ಕಡ್ಡಿ ನಂಬ್ಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತೆ. ಆಂಡ್ರಾಯ್ಡ್‌ನಲ್ಲಿ ನೆಟ್‌ಮಾನ್‌ಸ್ಟರ್ ಥರದ ಆ್ಯಪ್ ಹಾಕಿ, ಅದು ಸಿಗ್ನಲ್ ಶಕ್ತಿಯನ್ನ ಡಿಬಿಎಂ ಅನ್ನೋ ಅಳತೇಲಿ ತೋರಿಸುತ್ತೆ, ಯಾವ ಬ್ಯಾಂಡ್, ಅಂದ್ರೆ ಯಾವ ಫ್ರೀಕ್ವೆನ್ಸಿ ಗುಂಪು, ಅಂತಾನೂ ಹೇಳುತ್ತೆ. ಅಂಕಿ ಮೈನಸ್‌ನಲ್ಲಿರುತ್ತೆ, ಮೈನಸ್ ಆದ್ಮೇಲಿನ ಅಂಕಿ ಕಮ್ಮಿ ಇದ್ದಷ್ಟೂ ಸಿಗ್ನಲ್ ಜೋರು. 4ಜಿಯಲ್ಲಿ ಮೈನಸ್ 95 ಒಳಗಿದ್ರೆ ಆರಾಮು, ಮೈನಸ್ 105 ಇದ್ರೂ ಕಾಲ್ ನಡೆಯುತ್ತೆ, 112ರ ಹತ್ರ ಹೋದ್ರೆ ಮಾತು ಕಟ್ಟಾಗೋಕೆ ಶುರು, 120 ಅಂದ್ರೆ ಇಲ್ಲ ಅಂತಾನೇ. ಈ ಅಳತೇಲಿ ಪ್ರತಿ 3 ಅಂಕಿಗೆ, ಅಂದ್ರೆ 3 ಡಿಬಿಗೆ, ಸಿಗ್ನಲ್ ಶಕ್ತಿ ಎರಡು ಪಟ್ಟು ಅನ್ನೋದು ನೆನಪಿರಲಿ, ಹಾಗಾಗಿ 118ರಿಂದ 106ಕ್ಕೆ ಬಂದ್ರೆ ಅದು ಸಣ್ಣ ವ್ಯತ್ಯಾಸ ಅಲ್ಲ, ಹದಿನಾರು ಪಟ್ಟು.

ಹೊಸನಗರದ ಕಡೆ ಭಾವನ ಮನೇಲಿ ಅಳೆದಿದ್ದು ಹೇಳ್ತೀನಿ. ಅಡುಗೆಮನೇಲಿ ಮೈನಸ್ 121, ಜಗಲೀಲಿ 116, ಅಟ್ಟದ ಕಿಟಕೀಲಿ 111. ಎಲ್ಲರೂ ಮನೆ ಮಾಡಿನ ತುದೀಲೇ ಚೆನ್ನಾಗಿ ಸಿಗುತ್ತೆ ಅಂದ್ಕೊಂಡಿದ್ವಿ, ಅಲ್ಲಿ 108. ಕೊನೆಗೆ ಬಿದಿರಿನ ದೋಟಿ ತುದಿಗೆ ಫೋನ್ ಕಟ್ಟಿ ಆ್ಯಪ್ ರೆಕಾರ್ಡ್ ಆನ್ ಮಾಡಿ ಅಂಗಳ ಪೂರ್ತಿ ಓಡಾಡಿದಾಗ ಕೊಟ್ಟಿಗೆ ಮೂಲೆಯಲ್ಲಿ, ಮನೆ ಮಾಡಿಗಿಂತ ತಗ್ಗಲ್ಲಿ, 99 ಬಂತು, ಯಾಕಂದ್ರೆ ಆ ದಿಕ್ಕಲ್ಲಿ ಎರಡು ಅಡಿಕೆ ಸಾಲಿನ ನಡುವೆ ಟವರ್ ಕಡೆ ಖಾಲಿ ಜಾಗ ಇತ್ತು. ಎತ್ತರಕ್ಕಿಂತ ಸಂದಿ ಮುಖ್ಯ ಅಂತ ಅವತ್ತು ಎಲ್ಲರಿಗೂ ಗೊತ್ತಾಯ್ತು. ಒಂದು ಎಚ್ಚರಿಕೆ, ಈಗ ಎಲ್ಲರ ಹತ್ರ ಕಾರ್ಬನ್ ಫೈಬರ್ ದೋಟಿ ಇದೆ, ಅದನ್ನ ಬಳಸ್ಬೇಡಿ, ಅದು ಸಿಗ್ನಲ್‌ಗೂ ಅಡ್ಡಿ, ಕರೆಂಟ್ ಲೈನ್‌ಗೆ ತಾಗಿದ್ರೆ ಪ್ರಾಣಾನೇ ಹೋಗುತ್ತೆ. ಅಳತೆ ಮಳೆ ಬಂದ ಮಾರನೇ ದಿನ ಇನ್ನೊಂದ್ಸಲ ಮಾಡಿ. ಫೋನಿನ ಬ್ಯಾಂಡುಗಳಲ್ಲಿ ಮಳೆ ಹನಿಯಿಂದ ಆಗೋ ನಷ್ಟ ತೀರಾ ಕಮ್ಮಿ, ನಷ್ಟ ಆಗೋದು ಒದ್ದೆ ಎಲೆಯಿಂದ, ಬೇಸಿಗೇಲಿ 104 ಇದ್ದ ಜಾಗ ಆಷಾಢದಲ್ಲಿ 110 ಆಗಿರುತ್ತೆ.

ಟವರ್ ಎಲ್ಲಿದೆ ಅಂತ ಗೊತ್ತಿಲ್ದಿದ್ರೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್ ನೋಡಿ, ಮ್ಯಾಪ್ ಮೇಲೆ ಟವರ್‌ಗಳು ಕಾಣುತ್ತೆ. ಊರಲ್ಲಿ ಯಾರೋ ಹೇಳಿದ ದಿಕ್ಕಿಗೆ ಆಂಟೆನಾ ತಿರುಗಿಸಿ ಕೂರೋದಕ್ಕಿಂತ ಇದು ಮೇಲು.

ಅಳತೆ ಆದ್ಮೇಲೆ ಈಗ ಆಯ್ಕೆಗಳು. ಖರ್ಚೇ ಇಲ್ಲದ್ದು ಮೊದಲು ನೋಡಿ. ಕಮ್ಮಿ ಫ್ರೀಕ್ವೆನ್ಸಿ ಅಲೆ ಗುಡ್ಡದ ಅಂಚಿಂದ ಬಾಗಿ ಕೆಳಗೆ ಬರುತ್ತೆ, ಹೆಚ್ಚಿನದ್ದು ಬರಲ್ಲ, ಇಷ್ಟೇ ಸೂತ್ರ. ಜಿಯೋಗೆ 4ಜಿಯಲ್ಲಿ 850 ಮೆಗಾಹರ್ಟ್ಸ್ ಇದೆ, ಏರ್‌ಟೆಲ್‌ಗೆ 900, ಬಿಎಸ್‌ಎನ್‌ಎಲ್ ಹೊಸ 4ಜಿಗೆ 700. ನಿಮ್ಮ ಮನೇಲಿ ಸಿಗ್ತಿರೋದು 1800 ಅಥವಾ 2300 ಆಗಿದ್ರೆ, ಅದೇ ಕಂಪನಿಯ ಕೆಳಗಿನ ಬ್ಯಾಂಡ್ ಆ ಟವರಲ್ಲಿ ಇದೆಯಾ ಅಂತ ಆ್ಯಪಲ್ಲಿ ನೋಡಿ. ಬಿಎಸ್‌ಎನ್‌ಎಲ್ 700 ಅಂದ್ರೆ ಬ್ಯಾಂಡ್ 28, ತುಂಬಾ ಫೋನುಗಳಲ್ಲಿ ಇದು ಇರಲ್ಲ, ಅದಕ್ಕೇ ಪಕ್ಕದ ಮನೆಯವರಿಗೆ ಸಿಗುತ್ತೆ ನಿಮಗೆ ಸಿಗಲ್ಲ, ತಪ್ಪು ಸಿಮ್ಮಿಂದಲ್ಲ ಫೋನಿಂದು. ಹೊಸ ಫೋನ್ ತಗೊಳೋ ಮೊದಲು ಸ್ಪೆಸಿಫಿಕೇಷನ್ನಲ್ಲಿ ಬಿ28 ಇದೆಯಾ ನೋಡ್ಕೊಳ್ಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರದ ಡಿಜಿಟಲ್ ಭಾರತ್ ನಿಧಿ ದುಡ್ಡಲ್ಲಿ, ಹಳೇ ಹೆಸರು ಯುಎಸ್‌ಒ ಫಂಡ್, ಅದರಲ್ಲಿ ಹಾಕಿರೋ 4ಜಿ ಟವರ್‌ಗಳಲ್ಲಿ 2025ರ ಜನವರಿಯಿಂದ ಒಂದು ಕಂಪನಿ ಟವರ್ ಮೇಲೆ ಬೇರೆ ಕಂಪನಿ ಸಿಮ್ ಓಡೋಕೆ ಅವಕಾಶ ಇದೆ. 2022ರಲ್ಲಿ ಒಪ್ಪಿಗೆಯಾದ 26,316 ಕೋಟಿಯ ಯೋಜನೆ, ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗೆ 4ಜಿ ಕೊಡೋದು, ಅದೂ ಇದೇ ನಿಧಿಯದ್ದು. ನಿಮ್ಮ ಗುಡ್ಡದ ಮೇಲೆ ಹೊಸ ಬಿಎಸ್‌ಎನ್‌ಎಲ್ ಟವರ್ ಎದ್ದಿದ್ದು ನಿಮ್ಮ ಹತ್ರ ಬೇರೆ ಸಿಮ್ ಇದ್ರೆ, ಸೆಟ್ಟಿಂಗಲ್ಲಿ ರೋಮಿಂಗ್ ಆನ್ ಮಾಡಿ, ಆಟೋಮ್ಯಾಟಿಕ್ ಬಿಟ್ಟು ನೀವೇ ನೆಟ್‌ವರ್ಕ್ ಸರ್ಚ್ ಮಾಡಿ ನೋಡಿ. ಪೋರ್ಟ್ ಮಾಡ್ಸೋ ಮೊದಲು ಇದೊಂದು ನೋಡೋದ್ರಲ್ಲಿ ನಷ್ಟ ಏನಿಲ್ಲ.

ಹಾಗೇ ಹಳೇ ಕೀಪ್ಯಾಡ್ ಫೋನನ್ನ ತಾತ್ಸಾರ ಮಾಡ್ಬೇಡಿ. ಏರ್‌ಟೆಲ್ 2ಜಿ ಅಥವಾ ಬಿಎಸ್‌ಎನ್‌ಎಲ್ 2ಜಿ 900ರಲ್ಲಿ ಸಿಗೋ ಜಾಗದಲ್ಲಿ ಒಂದು ಕೀಪ್ಯಾಡ್ ಫೋನ್ ಫುಲ್ ಚಾರ್ಜ್ ಮಾಡಿ ಇಟ್ರೆ ದಿನಗಟ್ಲೆ ಬರುತ್ತೆ, ಮೂರು ದಿನ ಕರೆಂಟ್ ಇಲ್ಲದ ಪರೀಕ್ಷೇಲಿ ಎಷ್ಟೋ ದುಬಾರಿ ವ್ಯವಸ್ಥೆಗಿಂತ ಇದೇ ಪಾಸಾಗೋದು. ಜಿಯೋಗೆ 2ಜಿ ಇಲ್ಲ ಅನ್ನೋದು ಗಮನದಲ್ಲಿರಲಿ.

ಅಂಗಳದಲ್ಲೋ ಕೊಟ್ಟಿಗೆ ಹತ್ರಾನೋ 105ರ ಆಸುಪಾಸು ಸಿಕ್ಕಿ ಮನೆ ಒಳಗೆ ಮಾತ್ರ ಇಲ್ಲ ಅನ್ನೋರು ಬಹಳ ಜನ. ಇವರಿಗೆ ಎರಡು ದಾರಿ. ಒಂದು, ಸಿಮ್ ಹಾಕೋ ಲ್ಯಾಂಡ್‌ಲೈನ್ ಥರದ ಫೋನು, ಅದಕ್ಕೆ ಹೊರಗಿನ ಆಂಟೆನಾ. ವಯಸ್ಸಾದೋರಿಗೆ ಇದು ಸುಲಭ, ದೊಡ್ಡ ಬಟನ್, ಜೋರು ರಿಂಗ್, ಒಳಗೇ ಬ್ಯಾಟರಿ. ತಗೊಳೋವಾಗ 4ಜಿ ವೋಲ್ಟಿ, ಅಂದ್ರೆ 4ಜಿ ಮೇಲೇ ಕಾಲ್ ಮಾಡೋ ಮಾಡೆಲ್ ಹೌದಾ, ನಿಮ್ಮ ಕಂಪನಿ ವೋಲ್ಟಿ ಅದರಲ್ಲಿ ಓಡುತ್ತಾ ಅಂತ ಅಂಗಡೀಲೇ ನಿಮ್ಮ ಸಿಮ್ ಹಾಕಿ ಕಾಲ್ ಮಾಡಿ ನೋಡಿ, ಬರೀ ಜಿಎಸ್‌ಎಂ, ಅಂದ್ರೆ 2ಜಿ ಮಾಡೆಲ್ಲಿಗೆ ಜಿಯೋ ಸಿಮ್ ಹಾಕಿದ್ರೆ ಏನೂ ಆಗಲ್ಲ. ಇಲ್ಲಿ ಮೋಸ ಆಗೋದು ಕೇಬಲ್ ವಿಷಯದಲ್ಲಿ. ಆಂಟೆನಾ ಜೊತೆ ಕೊಡೋ ತೆಳು ಕಪ್ಪು ಕೇಬಲ್ 10 ಮೀಟರ್ ಓಡಿಸಿದ್ರೆ 1800ರಲ್ಲಿ ಏಳೆಂಟು ಡಿಬಿ ಅಲ್ಲೇ ಹೋಗುತ್ತೆ, ಆಂಟೆನಾ ಕೊಡೋದೇ ಒಂಬತ್ತೋ ಹತ್ತೋ, ಅಂದ್ರೆ ಮಾಡಿನ ಮೇಲೆ ಹತ್ತಿ ಮಾಡಿದ ಕಷ್ಟಕ್ಕೆ ಏನೂ ಉಳಿಯಲ್ಲ. ದಪ್ಪ ಕೇಬಲ್ ಹಾಕಿ, ಇಲ್ಲಾ ಫೋನನ್ನೇ ಆಂಟೆನಾ ಹತ್ರ ತನ್ನಿ.

ಎರಡನೇ ದಾರಿ ನನಗೆ ಇನ್ನೂ ಇಷ್ಟ. ಸಿಮ್ ಹಾಕೋ 4ಜಿ ರೂಟರನ್ನೇ, ಹೊರಗಡೆ ಇಡೋ ಮಾಡೆಲ್, ಜಿಐ ಪೈಪಿನ ತುದಿಗೆ ಕಟ್ಟಿ, ಒಂದೇ ನೆಟ್‌ವರ್ಕ್ ಕೇಬಲ್ ಮನೆ ಒಳಗೆ ತರೋದು, ಅದರಲ್ಲೇ ಕರೆಂಟೂ ಮೇಲೆ ಹೋಗುತ್ತೆ. ಸಿಗ್ನಲ್ ಕೇಬಲಲ್ಲಿ ಕಳ್ಕೊಳ್ಳೋ ಮಾತೇ ಇಲ್ಲ. ಕೆಳಗೆ ಒಂದು ವೈಫೈ, ಎಲ್ಲರ ಫೋನಲ್ಲೂ ವೈಫೈ ಕಾಲಿಂಗ್, ಅಂದ್ರೆ ಟವರ್ ಬದಲು ವೈಫೈ ಮೂಲಕ ಕಾಲ್ ಹೋಗೋ ಸೆಟ್ಟಿಂಗ್, ಆನ್. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಜನವರೀಲಿ ವೈಫೈ ಕಾಲಿಂಗ್ ಶುರು ಮಾಡಿದ್ರು, ಬಿಎಸ್‌ಎನ್‌ಎಲ್ ಕೂಡ ತಡವಾಗಿ ಬಂತು. ವೈಫೈ ಯಾವ ಕಂಪನಿ ನೆಟ್ಟಿಂದ ಬಂದ್ರೂ ನಡೆಯುತ್ತೆ, ಕಾಲ್ ನಿಮ್ಮ ಮಾಮೂಲಿ ನಂಬರಿಂದಾನೇ ಹೋಗುತ್ತೆ, ಆ ಕಡೆಯವರಿಗೆ ವ್ಯತ್ಯಾಸ ಗೊತ್ತಾಗಲ್ಲ, ಬ್ಯಾಂಕ್ ಒಟಿಪಿನೂ ಸಾಮಾನ್ಯವಾಗಿ ಬರುತ್ತೆ. ನಮ್ಮ ಕಡೆ ಒಟಿಪಿಗೋಸ್ಕರ ಗುಡ್ಡ ಹತ್ತೋರಿಗೆ ಇದರ ಬೆಲೆ ಗೊತ್ತು.

5ಜಿ ಟವರ್ ಹತ್ರ ಇದ್ರೆ ಏರ್‌ಫೈಬರ್, ಅಂದ್ರೆ ತಂತಿ ಇಲ್ದೆ 5ಜಿ ಸಿಗ್ನಲ್ಲಿಂದ ಮನೆಗೆ ಕೊಡೋ ಇಂಟರ್ನೆಟ್, ಕೇಳಿ. ಜಿಯೋದು 2023ರ ಸೆಪ್ಟೆಂಬರ್‌ನಲ್ಲಿ ಬಂತು, ಜಿಯೋಗೆ 5ಜಿಯಲ್ಲೂ 700 ಇರೋದು ಹಳ್ಳಿ ಕಡೆಗೆ ಅನುಕೂಲ. ಅವರೇ ಬಂದು ಹಾಕ್ತಾರೆ, ಕೆಟ್ಟರೆ ಅವರೇ ನೋಡ್ಬೇಕು, ಲ್ಯಾಂಡ್‌ಲೈನ್ ಥರ ಕಾಲೂ ಇರುತ್ತೆ. ಬುಕ್ ಮಾಡೋಕೆ ಪಿನ್‌ಕೋಡ್ ಹಾಕಿದಾಗ ಲಭ್ಯ ಅಂತ ಬಂದ್ರೂ ಮನೆ ಹತ್ರ ಅಳೆದು ನೋಡದೆ ವರ್ಷದ ಪ್ಲಾನ್ ಕಟ್ಬೇಡಿ, ಪಿನ್‌ಕೋಡ್ ಪೇಟೆದೂ ಅದೇ, ಎಂಟು ಕಿಲೋಮೀಟರ್ ಒಳಗಿರೋ ನಿಮ್ಮದೂ ಅದೇ.

ಫೈಬರ್ ಬಗ್ಗೆ ಹೇಳದೆ ಇದು ಮುಗಿಯಲ್ಲ, ರೇಡಿಯೋ ಅಲ್ಲದಿದ್ರೂ. ಫೈಬರ್ ಲೈನಿನ ಒಂದು ದೊಡ್ಡ ಗುಣ ಏನಂದ್ರೆ ಎಕ್ಸ್‌ಚೇಂಜಿಂದ ನಿಮ್ಮ ಮನೆ ತನಕ ಮಧ್ಯದಲ್ಲಿ ಎಲ್ಲೂ ಕರೆಂಟ್ ಬೇಡ, ಆ ತುದೀಲಿ ಬ್ಯಾಟರಿ ಇದ್ದು ಈ ತುದೀಲಿ ನಿಮ್ಮ ಡಬ್ಬಿಗೆ ಬ್ಯಾಟರಿ ಇದ್ರೆ ಊರೆಲ್ಲ ಕತ್ತಲಾದ್ರೂ ಲೈನ್ ಬದುಕಿರುತ್ತೆ. ಟವರ್ ಹಾಗಲ್ಲ, ಅದರ ಬ್ಯಾಟರಿ ಮುಗಿದು ಡೀಸೆಲ್ ಬರದಿದ್ರೆ ಅದೂ ಮಲಗುತ್ತೆ. ಆದ್ರೆ ಮರ ಬಿದ್ರೆ ಫೈಬರ್ ತುಂಡಾಗುತ್ತೆ, ಟವರ್ ಸಿಗ್ನಲ್ಲಿಗೆ ಮರ ಬಿದ್ರೆ ಏನೂ ಆಗಲ್ಲ. ಹಾಗಾಗಿ ನನ್ನ ಅಭಿಪ್ರಾಯ ಗಟ್ಟಿ: ವಯಸ್ಸಾದೋರು ಮಾತ್ರ ಇರೋ ಮನೆಗೆ ಒಂದು ತಂತಿ ಒಂದು ರೇಡಿಯೋ ಎರಡೂ ಇರಲಿ, ಒಂದೊಂದೂ ಅಗ್ಗದ್ದೇ ಆಗಿರಲಿ ಪರವಾಗಿಲ್ಲ. ಅದರಲ್ಲೂ ಒಂದು ವಿಷಯ ವಿಚಾರಿಸಿ, ಆ ಟವರಿಗೆ ಬರೋ ಲೈನೂ ನಿಮ್ಮ ಮನೆ ಫೈಬರ್ ಬರೋ ಕಂಬದ ಮೇಲೇ ಬರ್ತಿದೆಯಾ ಅಂತ. ಹಾಗಿದ್ರೆ ಒಂದು ಮರ ಬಿದ್ರೆ ಎರಡೂ ಹೋಗುತ್ತೆ, ಆಗ ರೇಡಿಯೋಗೆ ಬೇರೆ ಟವರ್ ಹುಡುಕ್ಬೇಕು. ಹೋದ ಮಳೆಗಾಲದಲ್ಲಿ ಫೈಬರ್ ಕಟ್ಟಾದ ದಿನ ಮೊಬೈಲ್ ಇತ್ತಾ ಅಂತ ಊರವರನ್ನ ಕೇಳಿದ್ರೆ ಉತ್ತರ ಸಿಕ್ಕೇ ಸಿಗುತ್ತೆ.

ಫೈಬರ್ ಮೇನ್ ರೋಡ್ ತನಕ ಬಂದು ನಿಮ್ಮ ಮನೆ ಎರಡು ಮೂರು ಕಿಲೋಮೀಟರ್ ಒಳಗೆ ಇದ್ರೆ ಆಗ ಸೊಗಸಾದ ಒಂದು ಆಯ್ಕೆ ಇದೆ. ರೋಡ್ ಹತ್ರ ಇರೋ ನಿಮ್ಮದೇ ಅಂಗಡಿಯೋ ಮನೆಯೋ ಅಲ್ಲಿ ಕನೆಕ್ಷನ್ ತಗೊಂಡು, ಅಲ್ಲಿಂದ ನಿಮ್ಮ ಮನೆಗೆ 5 ಗಿಗಾಹರ್ಟ್ಸ್ ರೇಡಿಯೋ ಲಿಂಕ್, ಎರಡು ಚಿಕ್ಕ ಡಿಷ್ ಎದುರುಬದುರು. 2018ರಲ್ಲಿ ಈ ಬ್ಯಾಂಡ್ ಹೊರಗಡೆ ಬಳಸೋಕೂ ಲೈಸೆನ್ಸ್ ಬೇಡ ಅಂತ ಸರ್ಕಾರ ಮಾಡಿದೆ, ಪವರ್ ಮಿತಿಯೊಳಗೆ ಇದ್ರೆ ಸಾಕು. ಆದ್ರೆ ಇಲ್ಲಿ ಗುಡ್ಡ ಬಾಗಿ ಬರೋ ಮಾತೇ ಇಲ್ಲ, ನೇರ ಕಾಣಲೇಬೇಕು, ಬರೀ ಕಂಡ್ರೂ ಸಾಲ್ದು. 3 ಕಿಲೋಮೀಟರ್ ಲಿಂಕಿಗೆ ನಡುಮಧ್ಯದಲ್ಲಿ ದೃಷ್ಟಿ ಗೆರೆಯಿಂದ ಸುತ್ತಲೂ ಎಲ್ಲ ಕಡೆಗೂ ಆರು ಮೀಟರ್ ಚಿಲ್ಲರೆ ದೂರಕ್ಕೆ ರೇಡಿಯೋ ಅಲೆ ಹರಡ್ಕೊಂಡಿರುತ್ತೆ, ಅದರಲ್ಲಿ ಕಮ್ಮಿ ಅಂದ್ರೂ ನಾಲ್ಕು ಮೀಟರ್ ಖಾಲಿ ಬೇಕು. ದುರ್ಬೀನಲ್ಲಿ ಆ ಕಡೆ ಮನೆ ಹೆಂಚು ಕಂಡ್ರೂ ಮಧ್ಯದ ಅಡಿಕೆ ಮರದ ಸುಳಿ ಆ ಜಾಗಕ್ಕೆ ಚುಚ್ಕೊಂಡಿದ್ರೆ ಲಿಂಕ್ ಮಳೆಗಾಲದಲ್ಲಿ ಒದ್ದಾಡುತ್ತೆ. ಅಡಿಕೆ ಪ್ರತಿ ವರ್ಷ ಬೆಳೆಯುತ್ತೆ ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ. ಈ ನೆಟ್ಟನ್ನ ಅಕ್ಕಪಕ್ಕದವರಿಗೆ ದುಡ್ಡಿಗೆ ಹಂಚೋ ಯೋಚನೆ ಇದ್ರೆ ಹಾಗೇ ಮಾಡೋಕೆ ಬರಲ್ಲ, ಪಿಎಂ-ವಾಣಿ ಅಂತ ಯೋಜನೆ ಇದೆ, ಅದರಲ್ಲಿ ಸೇರ್ಕೊಂಡ್ರೆ ಅಂಗಡಿಯವರೂ ಲೈಸೆನ್ಸ್ ಇಲ್ದೆ ವೈಫೈ ಮಾರಬಹುದು.

ಮನೇಲೇ ಸಿಗ್ನಲ್ ಹೆಚ್ಚು ಮಾಡೋಕೆ ಹಾಕೋ ಬೂಸ್ಟರ್ ಬೇಡ. ಆನ್‌ಲೈನಲ್ಲಿ ಸಿಗುತ್ತೆ, ಪಕ್ಕದ ಎಸ್ಟೇಟಲ್ಲಿ ಹಾಕಿದಾರೆ, ಎಲ್ಲ ನಿಜ, ಆದ್ರೆ ಮೊಬೈಲ್ ಸಿಗ್ನಲ್ ಬೂಸ್ಟರನ್ನ ಖಾಸಗಿಯವರು ಅನುಮತಿ ಇಲ್ದೆ ಮಾರೋದು ಇಟ್ಕೊಳೋದು ಕಾನೂನು ಪ್ರಕಾರ ತಪ್ಪು, ಇಲಾಖೆಯವರು ಬಂದು ಕಿತ್ಕೊಂಡು ಹೋಗಿರೋದೂ ಇದೆ. ಕಾನೂನು ಬಿಡಿ, ಅದು ಟವರ್ ಕಡೆಗೆ ಬರೀ ಗದ್ದಲ ಕಳಿಸುತ್ತೆ, ನಿಮ್ಮ ಮನೇಲಿ ಕಡ್ಡಿ ಏರುತ್ತೆ, ಕೆಳಗಿನ ಕೇರೀಲಿ ಹತ್ತು ಮನೆಯವರ ಕಾಲ್ ಕಟ್ಟಾಗುತ್ತೆ. ಮೊದಲೇ ಒಂದೇ ಟವರ್ ಇರೋ ಊರಲ್ಲಿ ಇದನ್ನ ಮಾಡೋದು ಅನ್ಯಾಯ.

ಸ್ಯಾಟಲೈಟ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಬಿಎಸ್‌ಎನ್‌ಎಲ್ ಮೂಲಕ ಇನ್ಮಾರ್‌ಸ್ಯಾಟ್ ಫೋನ್ ಸಿಗುತ್ತೆ, ಸರ್ಕಾರಿ ಇಲಾಖೆ, ರಕ್ಷಣಾ ತಂಡ, ಹಡಗು ಇಂಥವರಿಗೆ ಸರಿ, ಮನೆಗೆ ಖರ್ಚು ಜಾಸ್ತಿ. ವಿದೇಶದಿಂದ ಬರೋ ನೆಂಟರು ಥುರಾಯಾ ಅಥವಾ ಇರಿಡಿಯಂ ಫೋನ್ ತಂದ್ಕೊಡ್ತೀವಿ ಅಂದ್ರೆ ಖಂಡಿತ ಬೇಡ ಅನ್ನಿ, ಇಲ್ಲಿ ಅದು ನಿಷೇಧ, ಏರ್‌ಪೋರ್ಟಲ್ಲೇ ಕೇಸಾಗುತ್ತೆ. ಸ್ಯಾಟಲೈಟ್ ಇಂಟರ್ನೆಟ್ ಕೊಡೋ ಸ್ಟಾರ್‌ಲಿಂಕ್‌ಗೆ 2025ರಲ್ಲಿ ಲೈಸೆನ್ಸ್ ಸಿಕ್ಕಿದೆ, ಅದಕ್ಕೆ ಆಕಾಶ ಅಗಲವಾಗಿ ತೆರೆದಿರ್ಬೇಕು, ತೋಟದ ಮಧ್ಯೆ ಮರ ಸುತ್ತುವರಿದ ಅಂಗಳದಲ್ಲಿ ಕಾಲ್ ಮಧ್ಯೆ ಮಧ್ಯೆ ಕಟ್ಟಾಗುತ್ತೆ, ಕರೆಂಟೂ ಮಾಮೂಲಿ ರೂಟರಿಗಿಂತ ಹಲವು ಪಟ್ಟು ತಿನ್ನುತ್ತೆ. ಅಡ್ವಾನ್ಸ್ ಕಟ್ಟಿ ಬುಕ್ ಮಾಡಿ ಅಂತ ವಾಟ್ಸಾಪಲ್ಲಿ ಬರೋ ಲಿಂಕಿಗೆ ದುಡ್ಡು ಹಾಕ್ಬೇಡಿ.

ಈಗ ಕರೆಂಟ್, ನಾನು ಶುರುವಲ್ಲೇ ಹೇಳಿದ್ದು. ಯಾವ ಆಯ್ಕೆ ಮಾಡಿದ್ರೂ ಅದರ ಅಡಾಪ್ಟರ್ ಮೇಲೆ ಎಷ್ಟು ವೋಲ್ಟು ಎಷ್ಟು ಆಂಪಿಯರ್ ಅಂತ ಓದಿ. ಸಾಮಾನ್ಯ ರೂಟರು 10 ವ್ಯಾಟ್ ಆಸುಪಾಸು. ರೂಟರ್‌ಗೆ ಅಂತ ಮಾರೋ ಮಿನಿ ಯುಪಿಎಸ್ಸು ಎರಡು ಮೂರು ಗಂಟೆಗೆ ಸರಿ, ಪೇಟೆಗೆ ಸಾಕು, ನಮಗೆ ಸಾಲ್ದು. ಬಹಳ ಮನೇಲಿ ಇನ್ವರ್ಟರ್‌ದು 150 ಎಎಚ್ ಬ್ಯಾಟರಿ ಇದ್ದೇ ಇರುತ್ತೆ, ಅದರಲ್ಲಿ 1800 ವ್ಯಾಟ್ ಅವರ್, ಅರ್ಧ ಮಾತ್ರ ಬಳಸಿದ್ರೂ 900, ಅಂದ್ರೆ 10 ವ್ಯಾಟಿನ ರೂಟರು 90 ಗಂಟೆ. ಆದ್ರೆ ಇನ್ವರ್ಟರ್ ಮೂಲಕ ಓಡಿಸಿದ್ರೆ ಅಷ್ಟು ಬರಲ್ಲ, ಇನ್ವರ್ಟರು ಸುಮ್ನೆ ಆನ್ ಇರೋಕೇ ರೂಟರಿಗಿಂತ ಜಾಸ್ತಿ ತಗೊಳುತ್ತೆ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ರೆ, ಬ್ಯಾಟರಿಯಿಂದ ನೇರವಾಗಿ ಒಂದು 12 ವೋಲ್ಟ್ ರೆಗ್ಯುಲೇಟರ್, ಮಧ್ಯೆ ಒಂದು ಫ್ಯೂಸ್, ಅಲ್ಲಿಂದ ರೂಟರಿಗೆ. ರೆಗ್ಯುಲೇಟರ್ ಬಿಟ್ಟು ನೇರ ಕೊಡ್ಬೇಡಿ, ಚಾರ್ಜ್ ಆಗೋವಾಗ ಬ್ಯಾಟರಿ 14 ವೋಲ್ಟ್ ದಾಟುತ್ತೆ. ಸೋಲಾರ್ ಇದ್ರೆ ಒಳ್ಳೇದೇ, ಆದ್ರೆ ಆಷಾಢದ ಮೋಡದಲ್ಲಿ ಅದನ್ನ ನೆಚ್ಕೊಂಡು ಲೆಕ್ಕ ಹಾಕ್ಬೇಡಿ.

ಹಾಗಾದ್ರೆ ಯಾರಿಗೆ ಯಾವುದು ಅಂದ್ರೆ, ಅಂಗಳದಲ್ಲಿ ಸಿಗ್ನಲ್ ಇದ್ದು ಒಳಗಿಲ್ಲ ಅನ್ನೋರಿಗೆ ಪೈಪಿನ ಮೇಲೆ ರೂಟರು, ಜೊತೆಗೆ ಬೇರೆ ಕಂಪನಿಯ ಸಿಮ್ ಇರೋ ಒಂದು ಕೀಪ್ಯಾಡ್ ಫೋನು ಅಂಗಳದ ಆ ಜಾಗಕ್ಕೆ. ಫೈಬರ್ ಬಾಗಿಲ ತನಕ ಬರೋರಿಗೆ ಫೈಬರ್ ಮತ್ತೆ ವೈಫೈ ಕಾಲಿಂಗು, ಮೇಲೆ ಹೇಳಿದ ಬ್ಯಾಟರಿ. ಸುತ್ತ ಎಲ್ಲೂ ಏನೂ ಇಲ್ಲ, ಎದುರು ಗುಡ್ಡದ ಮೇಲೆ ಮಾತ್ರ ಇದೆ ಅನ್ನೋರು ನೇರ ನೋಟ ಇದ್ರೆ 5 ಗಿಗಾಹರ್ಟ್ಸ್ ಲಿಂಕು. ಅದೂ ಆಗಲ್ಲ ಅನ್ನೋ ಊರುಗಳಿವೆ, ಕಣಿವೆ ತಳದಲ್ಲಿ ನಾಲ್ಕೈದು ಮನೆ ಇರೋವು, ಅವರು ಒಬ್ಬೊಬ್ಬರೇ ದುಡ್ಡು ಕಳೆಯೋದು ಬಿಟ್ಟು ಗ್ರಾಮ ಪಂಚಾಯ್ತೀಲಿ ಠರಾವು ಮಾಡ್ಸಿ, ಜಾಗದ ಸರ್ವೆ ನಂಬರ್ ಹಾಕಿ, ಅಳತೆಯ ಸ್ಕ್ರೀನ್‌ಶಾಟ್ ಸೇರಿಸಿ ಟವರಿಗೆ ಅರ್ಜಿ ಕೊಡಿ. ನೋ ನೆಟ್‌ವರ್ಕ್ ನೋ ವೋಟಿಂಗ್ ಅಂತ ಬೋರ್ಡ್ ಹಾಕೋ ಮಟ್ಟಕ್ಕೆ ಮಲೆನಾಡಿನ ಊರುಗಳು ಹೋಗಿದ್ದು ಸುಮ್ನೆ ಅಲ್ಲ, 2021ರಲ್ಲಿ ಸುಳ್ಯ ಕಡೆ ಮಳೇಲಿ ರಸ್ತೆ ಬದಿ ಮಗಳು ಆನ್‌ಲೈನ್ ಕ್ಲಾಸಿಗೆ ಕೂತು ಅಪ್ಪ ಛತ್ರಿ ಹಿಡಿದು ನಿಂತ ಫೋಟೋ ನೋಡಿದೋರು ಮರೆತಿರಲ್ಲ. ಆದ್ರೆ ಅರ್ಜೀಲಿ ಅಂಕಿ ಇದ್ರೆ ಅದನ್ನ ತಳ್ಳಿಹಾಕೋದು ಕಷ್ಟ.

ಪೈಪ್ ನಿಲ್ಲಿಸೋರು ಒಂದು ಕೆಲಸ ಮುಂದಕ್ಕೆ ಹಾಕ್ಬೇಡಿ, ಅರ್ಥಿಂಗ್. ಏಪ್ರಿಲ್ ಮೇ ಸಿಡಿಲು ನಮ್ಮ ಕಡೆ ಹೇಗಿರುತ್ತೆ ಅಂತ ಹೇಳ್ಬೇಕಿಲ್ಲ. ಪೈಪಿಗೆ ಬೇರೆ ಅರ್ಥ್ ರಾಡ್ ಹೊಡೆದು ದಪ್ಪ ತಂತಿ ಕಟ್ಟಿ, ಮನೆ ಒಳಗೆ ಬರೋ ನೆಟ್‌ವರ್ಕ್ ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕ್ಸಿ, ಗುಡುಗು ಶುರುವಾದ್ರೆ ಅಡಾಪ್ಟರ್ ಮಾತ್ರ ಅಲ್ಲ ಆ ಕೇಬಲ್ಲನ್ನೂ ಕಿತ್ತು ದೂರ ಇಡಿ, ಆ ಹೊತ್ತಲ್ಲಿ ತಂತಿ ಇರೋ ಫೋನಲ್ಲಿ ಮಾತಾಡ್ಬೇಡಿ, ಕೀಪ್ಯಾಡ್ ಫೋನ್ ತಗೊಳ್ಳಿ. ಮನೆಯವರಿಗೆಲ್ಲ 112 ನಂಬರ್ ಹೇಳ್ಕೊಟ್ಟಿರಿ, ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲ ಅಂತ ಬಂದ್ರೂ ಬೇರೆ ಕಂಪನಿ ಟವರ್ ಸಿಕ್ಕಿದ್ರೆ ಆ ಕಾಲ್ ಹೋಗುತ್ತೆ, ಹಾಗಾಗಿ ಅಂಗಳದಲ್ಲಿ ಯಾವ ಕಂಪನಿದಾದ್ರೂ ಸರಿ, ಸಿಗ್ನಲ್ ಸಿಗೋ ಮೂಲೆ ಯಾವುದು ಅಂತ ಮಕ್ಕಳಿಗೂ ಗೊತ್ತಿರಲಿ.